ಮೂಕಿ ಕಾಲದ ಯುದ್ಧಚಿತ್ರಗಳು: ಇಷ್ಟೊಂದು ಹಿಡಿಸೋದ್ಯಾಕೆ, ಸಿಗದೇ ಇರೋದ್ಯಾಕೆ?

ಎರಡನೇ ಆಟ (ಬೆಂಗಳೂರು)

ಒಂದು ವಾದ ಇಡ್ತೀನಿ, ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಮೊದಲ ಮಹಾಯುದ್ಧದ ಬಗ್ಗೆ ಬಂದ ಸಿನಿಮಾಗಳಲ್ಲಿ ಮೂಕಿಗಳ ತೂಕವೇ ಬೇರೆ. ಮಾತು ಬಂದಮೇಲೆ ಸೈನಿಕರೆಲ್ಲ ಭಾಷಣ ಶುರು ಮಾಡಿದ್ರು. ಅದಕ್ಕೆ ಮುಂಚೆ ಮುಖ ನೋಡಿಯೇ ಎಲ್ಲ ಗೊತ್ತಾಗ್ತಿತ್ತು.

1925ರ 'ದಿ ಬಿಗ್ ಪರೇಡ್' ತಗೊಳ್ಳಿ. ನಿರ್ದೇಶಕ ಕಿಂಗ್ ವಿಡಾರ್. ಅದರಲ್ಲಿ ಫ್ರಾನ್ಸಿನ ಬೆಲ್ಲೋ ಕಾಡಿನ ದೃಶ್ಯ ಇದೆ. ಅಮೆರಿಕದ ಸೈನಿಕರು ಸಾಲಾಗಿ ಮರಗಳ ನಡುವೆ ನಡೀತಾರೆ. ಓಡಲ್ಲ, ಬಗ್ಗಲ್ಲ, ಕೂಗಲ್ಲ. ಒಂದೇ ಲಯದಲ್ಲಿ ಹೆಜ್ಜೆ. ಪಕ್ಕದವನು ಬೀಳ್ತಾನೆ, ಉಳಿದವರು ಅದೇ ಲಯದಲ್ಲಿ ಮುಂದಕ್ಕೆ. ವಿಡಾರ್ ಸೇನೆಯ ಹಳೇ ಫಿಲ್ಮುಗಳನ್ನೆಲ್ಲ ತರಿಸಿ ನೋಡುವಾಗ ಒಂದು ಶವಯಾತ್ರೆಯ ನಡಿಗೆ ಅವನ ಮನಸ್ಸಲ್ಲಿ ಕೂತುಬಿಟ್ಟಿತಂತೆ. ಆ ಲಯವನ್ನ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕೋ ಯಂತ್ರ) ಇಟ್ಟು ಅಳೆದು, ಶೂಟಿಂಗ್‌ನಲ್ಲಿ ದೊಡ್ಡ ಡೋಲು ಬಾರಿಸಿ, ಏಟಿಗೊಂದು ಹೆಜ್ಜೆ ಇಡಿಸಿದ. ಆ ಡೋಲು ನಮಗೆ ಕೇಳಲ್ಲ. ಕಾಲು ಮಾತ್ರ ಕಾಣುತ್ತೆ. ಟಾಕಿಯಲ್ಲಿ ಇದನ್ನ ಮಾಡಕ್ಕೆ ಆಗ್ತಿತ್ತಾ? ಹಿಂದೆ ಗುಂಡಿನ ಸದ್ದು ತುಂಬಿಸಿ ಕೆಡಿಸಿಬಿಡೋರು.

ಇಂಥವು ಇನ್ನೂ ಬೇಕು ಅಂತ ಹುಡುಕಕ್ಕೆ ಹೊರಟರೆ ಪಟ್ಟಿಯಲ್ಲಿ ಹೆಸರುಂಟು, ಚಿತ್ರ ಇಲ್ಲ. ತಿಳಿದವರು ಹೇಳಿ, ಇವೆಲ್ಲ ಎಲ್ಲಿ ಹೋದವು?

ರೀಲುಡಬ್ಬಿ (ಮೈಸೂರು)

ಹೋಗಿದ್ದು ಯುದ್ಧಚಿತ್ರ ಮಾತ್ರ ಅಲ್ಲ, ಮೂಕಿಯೇ ಹೋಯ್ತು ಸಾರ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ತೆಗೆಸಿತು. 1912ರಿಂದ 1929ರವರೆಗೆ ಅಲ್ಲಿ ಬಂದ ಪೂರ್ಣಪ್ರಮಾಣದ ಮೂಕಿಚಿತ್ರಗಳು 10,919. ಮೂಲ 35 ಮಿ.ಮೀ. ರೂಪದಲ್ಲೇ ಪೂರ್ತಿ ಉಳಿದಿರೋದು 1,575, ಅಂದ್ರೆ ನೂರಕ್ಕೆ ಹದಿನಾಲ್ಕು. ಇನ್ನೊಂದು ಹನ್ನೊಂದು ಭಾಗ ಪೂರ್ತಿ ಇದ್ದರೂ ವಿದೇಶಿ ಆವೃತ್ತಿ, ಇಲ್ಲವೇ 16 ಮಿ.ಮೀ. ಥರದ ಸಣ್ಣ ಅಳತೆಯ ಪ್ರತಿ.

ಟಾಕಿ ಬಂದಮೇಲೆ ಮೂಕಿಗೆ ಮಾರುಕಟ್ಟೆಯೇ ಇರಲಿಲ್ಲ. ಗೋದಾಮಿನ ಬಾಡಿಗೆ ಯಾಕೆ ದಂಡ ಅಂತ ಸ್ಟುಡಿಯೋಗಳೇ ಎಷ್ಟೋ ಪ್ರಿಂಟು ನಾಶ ಮಾಡಿಸಿದ್ವು. ಉಳಿದದ್ದನ್ನ ಬೆಂಕಿ ನೋಡಿಕೊಂಡಿತು. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರ್ರಿಯಲ್ಲಿ ಫಾಕ್ಸ್ ಕಂಪನಿಯ ಫಿಲ್ಮ್ ಗೋದಾಮು ಹೊತ್ತಿ, ಅವರ ಮೂಕಿ ಕಾಲದ ನೆಗೆಟಿವ್‌ಗಳಲ್ಲಿ ಬಹುಪಾಲು ಅಲ್ಲೇ ಮುಗೀತು.

ಯುದ್ಧಚಿತ್ರಗಳಿಗೆ ಇನ್ನೊಂದು ಶಾಪ ಇತ್ತು. 1918ರಲ್ಲಿ 'ದಿ ಕೈಸರ್, ದಿ ಬೀಸ್ಟ್ ಆಫ್ ಬರ್ಲಿನ್' ಅಂತ ಒಂದು ಬಂತು. ಕೈಸರ್ ಅಂದ್ರೆ ಜರ್ಮನಿಯ ಚಕ್ರವರ್ತಿ, ಹೆಸರಲ್ಲೇ ಗೊತ್ತಾಗುತ್ತಲ್ಲ ಯಾವ ಥರದ್ದು ಅಂತ. ಜನ ಮುಗಿಬಿದ್ದು ನೋಡಿದ್ರು. ನವೆಂಬರ್‌ನಲ್ಲಿ ಯುದ್ಧ ನಿಂತಿತು. ಆಮೇಲೆ ಅದನ್ನ ಯಾರು ಕೇಳ್ತಾರೆ? ಜರ್ಮನಿಗೆ ಮಾರಕ್ಕಾಗಲ್ಲ, ಊರಲ್ಲಿ ಮತ್ತೆ ಹಾಕಕ್ಕೂ ಮುಜುಗರ. ಇವತ್ತು ಅದು ಕಳೆದುಹೋದ ಚಿತ್ರ. ದ್ವೇಷ ಕಾರೋಕೆ ಮಾಡಿದ ಸಿನಿಮಾ ಆ ವರ್ಷದ ಪಂಚಾಂಗದ ಹಾಗೆ, ವರ್ಷ ತಿರುಗಿದ ಮೇಲೆ ಗೋಡೆ ಮೇಲೂ ಜಾಗ ಇಲ್ಲ.

ಗಿರಮಿಟ್ (ಧಾರವಾಡ)

ಎರಡನೇ ಆಟದವ್ರ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತ್ ಕೇಳ್ತೀನಿ. ಸಿಗಂಗಿಲ್ಲ ಅಂತನ ಇವು ಛಲೋ ಅನಸ್ತಾವೋ, ಛಲೋ ಅದಾವ ಅಂತ ಹುಡುಕ್ತೀರೋ? ಆ ಕೈಸರ್ ಸಿನಿಮಾ ನಾಳೆ ಯಾರದರ ಅಟ್ಟದ ಮ್ಯಾಲೆ ಸಿಕ್ತು ಅಂತ ಇಟ್ಕೊಳ್ರಿ. ಎಲ್ಲಾರೂ "ಅಮೂಲ್ಯ ಕೃತಿ" ಅಂತೀರಿ. ನೋಡಿದ್ರ ನಿದ್ದಿ ಬರ್ತದ. ಕಳಕೊಂಡ ಹಲ್ಲಿನ ಜಾಗಾಕ್ಕ ನಾಲಿಗಿ ಹೋಗೂದು ಹೆಚ್ಚು, ಅಷ್ಟ.

ಎರಡನೇ ಆಟ (ಬೆಂಗಳೂರು)

ಗಿರಮಿಟ್ ಅವರೇ, ಸಿಗೋ ಚಿತ್ರವನ್ನೇ ಹಿಡಿದು ಮಾತಾಡೋಣ. ಬಿಗ್ ಪರೇಡ್ ಕಾಸು ಕೊಟ್ಟರೆ ಇವತ್ತೇ ಸಿಗುತ್ತೆ, ಅಪರೂಪದ ಮೋಹ ಅದರ ಮೇಲೆ ನಡೆಯಲ್ಲ. ಅದರ ಕಥೆ ಬರೆದ ಲಾರೆನ್ಸ್ ಸ್ಟಾಲಿಂಗ್ಸ್ ಬೆಲ್ಲೋ ಕಾಡಲ್ಲೇ ಗಾಯಗೊಂಡು, ಆ ಗಾಯದಿಂದ ಕೊನೆಗೆ ಕಾಲು ಕತ್ತರಿಸಿಕೊಂಡ ಮನುಷ್ಯ. ಚಿತ್ರದ ನಾಯಕ ಮನೆಗೆ ಬರೋದೂ ಒಂಟಿ ಕಾಲಲ್ಲಿ. ತಾಯಿ ಓಡಿಬಂದು ತಬ್ಬಿಕೊಳ್ತಾಳೆ, ತಬ್ಬಿಕೊಂಡಾಗ ಅವಳ ಕಣ್ಣಿಗೆ ಕಾಣೋದು ಈ ಮಗನಲ್ಲ, ತೊಟ್ಟಿಲ ಕಾಲದಿಂದ ಅವನ ಕಾಲುಗಳು ಓಡಿದ್ದು, ನಡೆದದ್ದು. ಒಂದು ಟೈಟಲ್ ಕಾರ್ಡೂ ಇಲ್ಲದೆ ಅದು ಮುಟ್ಟುತ್ತೆ. ಕಾಲು ಹೋದವನು ಬರೆದ, ಯುದ್ಧ ಮುಗಿದು ಏಳು ವರ್ಷಕ್ಕೆ ಜನ ನೋಡಿದ್ರು. ನೋಡೋರ ಸಾಲಲ್ಲೂ ಕಾಲಿಲ್ಲದವರು ಇದ್ದೇ ಇರ್ತಾರೆ. ಆ ಹೊತ್ತಿನ ಹತ್ತಿರ ಆಮೇಲೆ ಯಾರಿಗೂ ಹೋಗಕ್ಕಾಗಿಲ್ಲ ಅನ್ನೋದು ನನ್ನ ವಾದ.

ಟೂರಿಂಗ್ ಟಾಕೀಸ್ (ತುಮಕೂರು ಕಡೆ)

ನಾನು ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದವನು. ಈ ಇಂಗ್ಲಿಷ್ ಮೂಕಿಗಳ ಕಥೆ ನನಗಿಂತ ನಿಮಗೆ ಹೆಚ್ಚು ಗೊತ್ತು. ಆದರೆ ಫಿಲ್ಮು ಹೆಂಗೆ ಸಾಯ್ತದೆ ಅನ್ನೋದು ನನಗೆ ಗೊತ್ತು, ಅದನ್ನ ಹೇಳ್ತೀನಿ.

1950ರ ಆಸುಪಾಸಿನವರೆಗೆ ಬಂದ 35ರ ಫಿಲ್ಮು ನೈಟ್ರೇಟ್. ಹತ್ತಿಗೆ ಆಸಿಡ್ ಹಾಕಿ ಮಾಡ್ತಿದ್ದ ಮಾಲು, ತೋಪಿನ ಮದ್ದಿನ ಖಾಸಾ ತಮ್ಮ. ಅದಕ್ಕೆ ಬೆಂಕಿ ಹತ್ತಿದ್ರೆ ನೀರಲ್ಲಿ ಮುಳುಗಿಸಿದ್ರೂ ಆರಲ್ಲ, ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಇರ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಅದನ್ನ ಓಡಿಸಿದವರು. ಕ್ಯಾಬಿನ್ನಲ್ಲಿ ಬೀಡಿ ಹಚ್ಚಿದವನಿಗೆ ಅವರು ಹೊಡೀತಿದ್ದದ್ದು ಯಾಕೆ ಅಂತ ನನಗೆ ಆಮೇಲೆ ತಿಳೀತು.

ಬೆಂಕಿ ಬೇಡ, ಸುಮ್ನೆ ಇಟ್ಟರೂ ಅದು ಹೋಗ್ತದೆ. ಮೊದಲು ಚಿತ್ರ ಮಾಸ್ತದೆ. ಆಮೇಲೆ ಸುತ್ತು ಸುತ್ತಿಗೆ ಅಂಟಿಕೊಳ್ತದೆ, ಬಿಚ್ಚೋಕೆ ಹೋದ್ರೆ ಮುಖಗಳು ಕಿತ್ತು ಬರ್ತವೆ. ಆಮೇಲೆ ಗುಳ್ಳೆ, ನೊರೆ. ಕಡೆಗೆ ಡಬ್ಬಿ ತೆಗೆದ್ರೆ ಕಂದು ಪುಡಿ. ನಮ್ಮ ಕಾಲದ ಸೇಫ್ಟಿ ಫಿಲ್ಮಿಗೂ ಬೇರೆ ಕಾಯಿಲೆ ಇದೆ, ಡಬ್ಬಿ ಮುಚ್ಚಳ ತೆಗೆದ್ರೆ ವಿನೆಗರ್ ವಾಸನೆ ಮೂಗಿಗೆ ಹೊಡೀತದೆ. ಆ ವಾಸನೆ ಬಂತು ಅಂದ್ರೆ ಪಕ್ಕದ ಡಬ್ಬಿಗಳನ್ನ ದೂರ ಇಡಬೇಕು, ಅವಕ್ಕೂ ಬೇಗ ಹತ್ಕೊಳ್ತದೆ.

ಇನ್ನೊಂದು, ಬೆಳ್ಳಿ. ಕಪ್ಪು-ಬಿಳುಪು ಫಿಲ್ಮಿನ ಚಿತ್ರ ಅಂದ್ರೇನೇ ಬೆಳ್ಳಿಯ ಕಣ. ಓಡಿ ಸವೆದ ಪ್ರಿಂಟನ್ನ ತೂಕಕ್ಕೆ ಮಾರಿ ಬೆಳ್ಳಿ ತೆಗೆಸೋರು ಎಲ್ಲ ದೇಶದಲ್ಲೂ ಇದ್ರು. ಸಿನಿಮಾ ಹೋಯ್ತು, ಯಾರ ಮನೇಲೋ ಕಾಲುಂಗುರ ಆಯ್ತು.

ರೀಲುಡಬ್ಬಿ (ಮೈಸೂರು)

ಅಣ್ಣ, ನಿಮ್ಮಂಥವರು ಬರೀತಾ ಇರಬೇಕು. ನಮ್ಮ ದೇಶದ ಲೆಕ್ಕವನ್ನೂ ಇಲ್ಲೇ ಸೇರಿಸಿಬಿಡ್ತೀನಿ. ಭಾರತದಲ್ಲಿ ತಯಾರಾದ ಮೂಕಿಗಳು ಸಾವಿರದ ಮುನ್ನೂರಕ್ಕೂ ಮೇಲೆ, ತುಂಡು-ಪಾಂಡು ಸೇರಿಸಿ ಉಳಿದಿರೋದು ಮೂವತ್ತರ ಆಸುಪಾಸು. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ನೈಟ್ರೇಟ್ ಕೋಣೆಗೆ ಬೆಂಕಿ ಬಿತ್ತು, ಅಲ್ಲೂ ಎಷ್ಟೋ ಹೋದವು. ಹಾಲಿವುಡ್ ಹದಿನಾಲ್ಕು ಉಳಿಸಿಕೊಂಡು ಅಳುತ್ತೆ, ನಾವು ನೂರಕ್ಕೆ ಎರಡೋ ಮೂರೋ ಇಟ್ಟುಕೊಂಡು ಸುಮ್ಮನಿದ್ದೀವಿ.

ಕಡಲತಡಿ (ಉಡುಪಿ)

ಎಲ್ಲರೂ ಪ್ರಿಂಟಿನ ಸುದ್ದಿ ಮಾತಾಡ್ತಿದ್ದೀರಿ ಮಾರಾಯ್ರೆ, ನಂಗೆ ಇರೋ ತಕರಾರು ಬೇರೆ. ಈ ಚಿತ್ರಗಳಲ್ಲಿ ನಿಜ ಯಾವುದು, ನಾಟಕ ಯಾವುದು ಅಂತ ಹೇಳೋದೇ ಕಷ್ಟ.

1916ರ 'ದಿ ಬ್ಯಾಟಲ್ ಆಫ್ ದಿ ಸೊಮ್' ಸಾಕ್ಷ್ಯಚಿತ್ರ ಅಂತಲೇ ಹೆಸರು ಪಡೆದದ್ದು. ಜುಲೈ ಒಂದಕ್ಕೆ ಫ್ರಾನ್ಸಿನ ಸೊಮ್ ನದಿ ಹತ್ತಿರ ಆ ಕದನ ಶುರು, ಆ ಒಂದೇ ದಿನ ಬ್ರಿಟಿಷ್ ಕಡೆ ಸತ್ತವರು 19,240. ಆಗಸ್ಟ್ ಹೊತ್ತಿಗೆ ಲಂಡನ್ನಿನ ಥಿಯೇಟರಲ್ಲಿ ಚಿತ್ರ! ತಮ್ಮ ಮಗ ಎಲ್ಲಾದರೂ ಕಾಣ್ತಾನಾ ಅಂತ ಹುಡುಕಿಕೊಂಡು ಬಂದವರು ಎಷ್ಟೋ. ಅದರ ಪ್ರಸಿದ್ಧ ದೃಶ್ಯ ಯಾವುದು? ಕಂದಕದಿಂದ ಸೈನಿಕರು ಹತ್ತಿ ಹೋಗೋದು, ಒಬ್ಬ ಅಲ್ಲೇ ಜಾರಿ ಬೀಳೋದು. ಅದು ಯುದ್ಧಭೂಮಿಯಲ್ಲಿ ತೆಗೆದದ್ದೇ ಅಲ್ಲ, ಹಿಂದೆ ತರಬೇತಿಯ ಜಾಗದಲ್ಲಿ ಆಡಿಸಿದ್ದು. ನಿಧಾನಕ್ಕೆ ನೋಡಿ, ಬೆನ್ನ ಮೇಲೆ ಮೂಟೆಯೇ ಇಲ್ಲ. ಆದರೆ ಅದೇ ಚಿತ್ರದಲ್ಲಿ ಒಬ್ಬ ಸೈನಿಕ ಗಾಯಗೊಂಡವನನ್ನು ಹೆಗಲ ಮೇಲೆ ಹೊತ್ತು ಕಂದಕದಲ್ಲಿ ಕ್ಯಾಮೆರಾ ಕಡೆ ನಡೆದು ಬರ್ತಾನಲ್ಲ, ಆ ಕಣ್ಣು ನಾಟಕದ್ದಲ್ಲ.

ಇದಕ್ಕಿಂತ ತಮಾಷೆ ಆಸ್ಟ್ರೇಲಿಯಾದ್ದು. 1915ರ 'ದಿ ಹೀರೋ ಆಫ್ ದಿ ಡಾರ್ಡನೆಲ್ಸ್' ಶುದ್ಧ ಕಥಾಚಿತ್ರ. ಟರ್ಕಿಯ ಗಲಿಪೊಲಿಯಲ್ಲಿ ಸೇನೆ ಇಳಿದದ್ದನ್ನ ಸಿಡ್ನಿಯ ತಮರಾಮಾ ಬೀಚಿನಲ್ಲಿ ಆಡಿಸಿ ತೆಗೆದ್ರು. ಚಿತ್ರದ ಬಹಳಷ್ಟು ಕಳೆದುಹೋಯ್ತು. ಉಳಿದ ಚೂರುಗಳನ್ನ ಆಮೇಲಿನವರು "ಗಲಿಪೊಲಿಯ ಅಸಲಿ ದೃಶ್ಯ" ಅಂತ ಸಾಕ್ಷ್ಯಚಿತ್ರಗಳಿಗೆ ಅಂಟಿಸಿಕೊಂಡರು. ಇಡೀ ಚಿತ್ರ ಉಳಿದಿದ್ದರೆ ನಾಯಕಿ, ಪ್ರೇಮ ಎಲ್ಲ ಜೊತೆಗೇ ಕಾಣ್ತಿತ್ತು, ಯಾರೂ ಮೋಸ ಹೋಗ್ತಿರಲಿಲ್ಲ. ಅಪರೂಪ ಆದದ್ದಕ್ಕೇ ಸುಳ್ಳು ನಿಜವಾಯ್ತು.

ಗಿರಮಿಟ್ (ಧಾರವಾಡ)

ಕಡಲತಡಿ ಅಕ್ಕಾರ, ಇದು ಬರೋಬ್ಬರಿ ಮಾತು. ಎರಡನೇ ಆಟದವ್ರು ಈಗ ಏನಂತಾರ ನೋಡೂಣು.

ರೀಲುಡಬ್ಬಿ (ಮೈಸೂರು)

ಅವರಿಗಿಂತ ಮೊದಲು ನಾನು ಹೇಳ್ತೀನಿ, ಯಾಕಂದ್ರೆ ಈ ನಿಜ-ನಾಟಕದ ಗೆರೆಯನ್ನೇ ಅಳಿಸಿಹಾಕಿದ ಚಿತ್ರ ಒಂದಿದೆ. ಅಬೆಲ್ ಗಾನ್ಸ್‌ನ 'ಜಾಕ್ಯೂಸ್', 1919. "ನಾನು ದೂರುತ್ತೇನೆ" ಅಂತ. ಹೆಸರಿನ ಅಕ್ಷರಗಳನ್ನ ಶುರುವಿನಲ್ಲೇ ಸೈನಿಕರ ಮೈಗಳಿಂದಲೇ ಬರೆಸ್ತಾನೆ, ಮೈದಾನದ ತುಂಬ ಜನ ಕೂತು ಅಕ್ಷರ ಆಗ್ತಾರೆ.

ಕಥೆ ಅಂದ್ರೆ ಒಬ್ಬ ಕವಿ, ಒಬ್ಬ ಒರಟ, ನಡುವೆ ಒರಟನ ಹೆಂಡತಿ. ನಿಜ ಹೇಳಬೇಕಂದ್ರೆ ಮೊದಲ ಭಾಗ ಎಳೆಯುತ್ತೆ, ಕಣ್ಣೀರು ಜಾಸ್ತಿ. ಆದರೆ ಕೊನೆ! ಕವಿಗೆ ಯುದ್ಧದಲ್ಲಿ ಬುದ್ಧಿ ಕೆಡುತ್ತೆ. ಊರಿಗೆ ಬಂದು ಎಲ್ಲರನ್ನೂ ಸೇರಿಸಿ ಹೇಳ್ತಾನೆ: ಸತ್ತವರು ಎದ್ದು ಬರ್ತಿದ್ದಾರೆ, ನಾವು ಸತ್ತಿದ್ದಕ್ಕೆ ನೀವು ಯೋಗ್ಯರಾಗಿ ಬದುಕಿದ್ದೀರಾ ಅಂತ ಕೇಳೋಕೆ. ಬಯಲ ತುಂಬ ಹೆಣಗಳು ಏಳ್ತವೆ. ತಲೆಗೆ ಬ್ಯಾಂಡೇಜು, ಊರುಗೋಲು, ಸಾಲು ಸಾಲಾಗಿ ರಸ್ತೆಯಲ್ಲಿ ಬರ್ತವೆ. ಅಂಗಡಿಯಲ್ಲಿ ಕಳ್ಳಲೆಕ್ಕ ಬರೆದವನು, ಗಂಡ ಇಲ್ಲದಾಗ ಮನೆ ಕೆಡಿಸಿದವಳು, ಎಲ್ಲರೂ ಬಾಗಿಲಲ್ಲಿ ನಿಂತು ನಡುಗ್ತಾರೆ.

ಆ ಹೆಣಗಳಾಗಿ ನಟಿಸಿದ್ದು ರಜೆ ಮೇಲೆ ಬಂದಿದ್ದ ನಿಜವಾದ ಸೈನಿಕರು. ರಜೆ ಮುಗಿಸಿ ಅವರು ಮತ್ತೆ ವೆರ್ದುನ್ ರಣರಂಗದ ಕಡೆ ಹೋದರು, ಕೆಲವೇ ವಾರದಲ್ಲಿ ಹೆಚ್ಚಿನವರು ಸತ್ತರು ಅಂತ ಗಾನ್ಸ್ ಆಮೇಲೆ ಹೇಳಿಕೊಂಡಿದ್ದಾನೆ. ಹೇಳಿಕೆ ಅವನದು, ಕಥೆಗಾರನ ಬಾಯಿ, ಒಂದಿಷ್ಟು ಉಪ್ಪುಖಾರ ಇದ್ದೀತು. ಆದರೆ ಆ ಗುಂಪಿನಲ್ಲಿ ಕವಿ ಬ್ಲೇಸ್ ಸಾಂದ್ರಾರ್ ಇದ್ದಾನೆ, ಅವನು ಈ ಚಿತ್ರಕ್ಕೆ ಗಾನ್ಸ್‌ನ ಸಹಾಯಕನೂ ಹೌದು. 1915ರಲ್ಲಿ ಯುದ್ಧದಲ್ಲಿ ಬಲಗೈ ಕಳಕೊಂಡವನು. ಪರದೆ ಮೇಲೆ ಕಾಣೋ ಆ ಮೋಟುಗೈಗೆ ಮೇಕಪ್ ಬೇಕಿರಲಿಲ್ಲ. ಕಡಲತಡಿ ಮೇಡಂ, ಇದನ್ನ ಯಾವ ಖಾನೆಗೆ ಹಾಕ್ತೀರಿ ಹೇಳಿ.

ಈ ಚಿತ್ರವೂ ಬಹಳ ವರ್ಷ ಕತ್ತರಿಸಿದ ಪ್ರತಿಗಳಲ್ಲೇ ಓಡಾಡ್ತಿತ್ತು. 1922ರಲ್ಲಿ ಗಾನ್ಸ್‌ನೇ ಮತ್ತೆ ಎಡಿಟ್ ಮಾಡಿದ್ದ. ನೆದರ್‌ಲೆಂಡ್ಸ್‌ನ ಫಿಲ್ಮ್ ಮ್ಯೂಸಿಯಂ ಮತ್ತು ಪ್ಯಾರಿಸ್ಸಿನ ಲೋಬ್‌ಸ್ಟರ್ ಫಿಲ್ಮ್ಸ್ ಸೇರಿ 2008ರ ಹೊತ್ತಿಗೆ ಪೂರ್ತಿಗೆ ಹತ್ತಿರದ ರೂಪ ಕೊಟ್ಟರು.

ಕಡಲತಡಿ (ಉಡುಪಿ)

ಸಾಂದ್ರಾರ್ ವಿಷಯ ಓದಿ ಸುಮ್ಮನಾದೆ. ಖಾನೆ ಗೀನೆ ಬೇಡ ಬಿಡಿ.

ಗಿರಮಿಟ್ (ಧಾರವಾಡ)

ಆತು, ಇದೊಂದು ನೋಡ್ತೀನಿ. ಆದ್ರ ಇನ್ನೊಂದು ಕೇಳ್ತೀನ್ರಿ. ಫ್ರಾನ್ಸಿನವ್ರು, ಅಮೆರಿಕಾದವ್ರು, ಇಂಗ್ಲಂಡಿನವ್ರು ಎಲ್ಲಾ ಆತು. ಆ ಯುದ್ಧಕ್ಕ ನಮ್ಮವ್ರೂ ಹೋಗಿದ್ರಲ್ಲ? ಅವ್ರು ಎಲ್ಲಿ ಅದಾರ ಈ ಸಿನಿಮಾದಾಗ?

ಜೆ.ಸಿ. ನಗರ (ಬೆಂಗಳೂರು)

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ, ಈ ಪ್ರಶ್ನೆಗೆ ಬರಲೇಬೇಕಾಯ್ತು. ನಮ್ಮ ಏರಿಯಾದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಬಸ್ಸಲ್ಲಿ ಹೋಗೋರಲ್ಲಿ ತಲೆ ಎತ್ತಿ ನೋಡೋರು ಕಮ್ಮಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನ ತುರ್ಕರಿಂದ ಹಿಡಿದವರು ಜೋಧಪುರ ಮತ್ತು ಮೈಸೂರಿನ ಕುದುರೆ ದಳದವರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ತೋಪುಗಳ ಮೇಲೆ ಬಿದ್ದರು. ಮೆಷಿನ್ ಗನ್ ಮುಂದೆ ಈಟಿ ಹಿಡಿದ ಕುದುರೆಸವಾರರು, ಇದಕ್ಕಿಂತ ಸಿನಿಮಾ ಬೇಕಾ? ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆದರೆ ಮೂಕಿ ಕಾಲದ ಕಥಾಚಿತ್ರ ಅಂತ ನೋಡಿದ ಯಾವುದರಲ್ಲೂ ಅವರ ಸುಳಿವಿಲ್ಲ. ಕಲ್ಲಿನಲ್ಲಿ ಜಾಗ ಸಿಕ್ಕಿತು, ಪರದೆ ಮೇಲೆ ಸಿಗಲಿಲ್ಲ.

ಸುದ್ದಿಚಿತ್ರದಲ್ಲಿ ಭಾರತೀಯರು ಇದ್ದಾರೆ. 1916ರಲ್ಲಿ ಬ್ರಿಟಿಷರು ಫ್ರಾನ್ಸಿನಲ್ಲಿದ್ದ ಭಾರತೀಯ ದಳಗಳ ಬಗ್ಗೆಯೇ 'ವಿತ್ ದಿ ಇಂಡಿಯನ್ ಟ್ರೂಪ್ಸ್ ಅಟ್ ದಿ ಫ್ರಂಟ್' ಅಂತ ತೋರಿಸಿದ್ದರು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಉಳಿದಿದೆ. ಆದರೆ ಅದರಲ್ಲಿ ಅವರು ಒಂದು ದಳ, ಒಂದು ಸಾಲು. ಅಳೋ, ನಗೋ, ಮನೆ ನೆನಪಾಗೋ ಒಬ್ಬ ಮನುಷ್ಯನಾಗಿ ತೋರಿಸೋದಕ್ಕೆ ಕಥಾಚಿತ್ರ ಬೇಕಿತ್ತು. ಅದನ್ನ ಮಾಡೋ ದುಡ್ಡು, ಸ್ವಾತಂತ್ರ್ಯ ಎರಡೂ ನಮ್ಮವರ ಕೈಯಲ್ಲಿ ಇರಲಿಲ್ಲ.

ಗಿರಮಿಟ್ (ಧಾರವಾಡ)

ಹಂಗಾರ ಕಳಕೊಂಡ ಸಿನಿಮಾಕ್ಕಿಂತ ತಗೀದೇ ಬಿಟ್ಟ ಸಿನಿಮಾದ ಹಾನಿ ದೊಡ್ಡದು ನೋಡ್ರಿ. ಅದನ್ನ ಯಾ ಅಟ್ಟದ ಮ್ಯಾಲೆ ಹುಡುಕೂದು?

ಎರಡನೇ ಆಟ (ಬೆಂಗಳೂರು)

ಒಪ್ಪಿದೆ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಸಿಕ್ಕ ಚಿತ್ರಗಳ ಕಡೆ ಬರ್ತೀನಿ. 'ವಿಂಗ್ಸ್' ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. 1927ರದು, ಮೊದಲ ಆಸ್ಕರ್ ಗೆದ್ದದ್ದು. ನಿರ್ದೇಶಕ ವಿಲಿಯಂ ವೆಲ್‌ಮನ್ ಸ್ವತಃ ಯುದ್ಧದಲ್ಲಿ ಫ್ರಾನ್ಸಿನ ಪರ ವಿಮಾನ ಹಾರಿಸಿದವನು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಮೋಡ ಬರೋವರೆಗೂ ಇಡೀ ತಂಡವನ್ನ ಕೂರಿಸಿ ಕಾಯಿಸಿದ. ಖಾಲಿ ಆಕಾಶದಲ್ಲಿ ವಿಮಾನದ ವೇಗ ತಿಳಿಯಲ್ಲ, ಹಿಂದೆ ಮೋಡ ಬೇಕೇ ಬೇಕು ಅಂತ ಹಟ. ಕ್ಯಾಮೆರಾವನ್ನ ವಿಮಾನಕ್ಕೇ ಬಿಗಿದು ನಟರನ್ನ ಮೇಲಕ್ಕೆ ಕಳಿಸಿದ, ಮುಖಕ್ಕೆ ಗಾಳಿ ಹೊಡೆಯೋದು ಅಸಲಿ. ಇದೂ ಕಳೆದೇ ಹೋಯ್ತು ಅಂತಿದ್ದರು, ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾನ್ಸೇಸ್ ಅನ್ನೋ ಫಿಲ್ಮ್ ಭಂಡಾರದಲ್ಲಿ ಒಂದು ಪ್ರತಿ ಸಿಕ್ಕಿತು.

ಕಡಲತಡಿ (ಉಡುಪಿ)

ವಿಂಗ್ಸ್ ಸೇನೆಗೆ ಸೇರಿ ಅನ್ನೋ ಜಾಹೀರಾತು ಅಷ್ಟೇ. ಅಮೆರಿಕದ ಸೇನೆ ಸೈನಿಕರನ್ನ, ವಿಮಾನಗಳನ್ನ ಸಾಲ ಕೊಟ್ಟಿದ್ದು ಪುಕ್ಕಟೆ ಪ್ರೀತಿಗಾ? ಕ್ಲಾರಾ ಬೋ ಅಂಥ ನಟಿಯನ್ನ ಇಟ್ಟುಕೊಂಡು ಟ್ರಕ್ಕು ಓಡಿಸಲಿಕ್ಕೆ, ನಾಯಕನ ಹಿಂದೆ ಸುತ್ತಲಿಕ್ಕೆ ಬಿಟ್ಟಿದ್ದಾರೆ. ಬಿಗ್ ಪರೇಡ್‌ನ ನಾಯಕಿ, ಫ್ರೆಂಚ್ ಹುಡುಗಿ ಮೆಲಿಸಾಂಡ್‌ಗೆ ಅದಕ್ಕಿಂತ ಗೌರವ ಇದೆ. ದಳ ಹೊರಡುವಾಗ ಲಾರಿಯ ಸರಪಳಿ ಹಿಡಿದು ಎಳೆದುಕೊಂಡು ಹೋಗ್ತಾಳೆ. ನಾಯಕ ಮೇಲಿಂದ ಗಡಿಯಾರ ಎಸೀತಾನೆ, ಕಡೆಗೆ ಕಾಲಿನ ಬೂಟನ್ನೂ ಎಸೀತಾನೆ. ಅವಳು ಆ ಬೂಟನ್ನ ಎದೆಗೆ ಅವಚಿಕೊಂಡು ಧೂಳಲ್ಲಿ ಕೂರ್ತಾಳೆ. ಅವನು ಆಮೇಲೆ ಕಳಕೊಳ್ಳೋದೇನು ಅಂತ ಗೊತ್ತಿದ್ದವರಿಗೆ ಆ ಬೂಟು ಚುಚ್ಚುತ್ತೆ.

ರೀಲುಡಬ್ಬಿ (ಮೈಸೂರು)

ಜಾಹೀರಾತು ಅನ್ನೋದನ್ನ ಅರ್ಧ ಒಪ್ತೀನಿ. ಆದರೆ ವಿಂಗ್ಸ್‌ನಲ್ಲಿ ಗ್ಯಾರಿ ಕೂಪರ್ ಬರೋ ಆ ಎರಡು ನಿಮಿಷ? ಹೊಸ ಹುಡುಗರ ಡೇರೆಗೆ ಬರ್ತಾನೆ, ಚಾಕೊಲೇಟು ಒಂದು ಕಚ್ಚು ಕಚ್ಚಿ ಮಿಕ್ಕಿದ್ದನ್ನ ಬಿಸಾಕಿ, ನಗ್ತಾ ಹಾರಾಟಕ್ಕೆ ಹೋಗ್ತಾನೆ. ತರಬೇತಿ ಹಾರಾಟದಲ್ಲೇ ಸಾಯ್ತಾನೆ. ಡೇರೆಯಲ್ಲಿ ಆ ಅರ್ಧ ಚಾಕೊಲೇಟು. ಇದನ್ನ ನೋಡಿ ಸೇನೆಗೆ ಸೇರೋಕೆ ಯಾವ ಹುಡುಗ ಓಡ್ತಾನೆ?

ಇನ್ನೂ ಹಿಂದಕ್ಕೆ ಹೋಗೋರು ಬೆಲ್ಜಿಯಂನ 'ಮೋದಿತ್ ಸ್ವಾ ಲಾ ಗೆರ್' ಹುಡುಕಿ. ಯುದ್ಧಕ್ಕೆ ಧಿಕ್ಕಾರ ಅಂತ ಹೆಸರು. ಆಲ್ಫ್ರೆಡ್ ಮಶಾ ತೆಗೆದದ್ದು, ಬಿಡುಗಡೆ 1914ರಲ್ಲಿ, ಯುದ್ಧಕ್ಕೆ ಸ್ವಲ್ಪ ಮುಂಚೆ! ಇಬ್ಬರು ಸ್ನೇಹಿತ ವಿಮಾನಿಗಳು, ಎರಡು ದೇಶ, ಗಾಳಿಗಿರಣಿಗೆ ಬೆಂಕಿ. ಫ್ರೇಮಿಗೆ ಫ್ರೇಮು ಅಚ್ಚಿಟ್ಟು ಬಣ್ಣ ತುಂಬಿದ್ದಾರೆ, ಬೆಂಕಿ ಕೆಂಪಗೇ ಉರಿಯುತ್ತೆ. ಲಿಯೋನ್ ಪ್ವಾರಿಯೆಯ 'ವೆರ್ದುನ್', 1928ರದು, ಫ್ರಾನ್ಸಿನಲ್ಲೇ ಪೂರ್ತಿ ಪ್ರತಿ ಇರಲಿಲ್ಲ. ಮಾಸ್ಕೋದ ಭಂಡಾರದಲ್ಲಿದ್ದ ಪ್ರತಿಯಿಂದ ಫ್ರಾನ್ಸಿನ ತುಲೂಸ್ ಊರಿನ ಫಿಲ್ಮ್ ಭಂಡಾರದವರು ಕಟ್ಟಿ ನಿಲ್ಲಿಸಿದರು. ಸೋವಿಯತ್‌ನವರು ಬಂದದ್ದನ್ನೆಲ್ಲ ಪೇರಿಸಿ ಇಟ್ಟುಕೊಳ್ತಿದ್ದರು, ಪುಣ್ಯ ಅವರದು.

ಟೂರಿಂಗ್ ಟಾಕೀಸ್ (ತುಮಕೂರು ಕಡೆ)

ನೋಡೋರಿಗೆ ಒಂದು ಮಾತು. ಆಗ ಕ್ಯಾಮೆರಾ ಕೈಯಲ್ಲಿ ತಿರುಗಿಸ್ತಿದ್ದದ್ದು, ಸೆಕೆಂಡಿಗೆ ಹದಿನಾರರಿಂದ ಇಪ್ಪತ್ತೆರಡು ಫ್ರೇಮು, ಕೈ ಬಂದಂಗೆ. ಟಾಕಿ ಮಿಷನ್ನು ಇಪ್ಪತ್ನಾಲ್ಕರಲ್ಲಿ ಓಡ್ತದೆ. ಹಳೇದನ್ನ ಅದಕ್ಕೆ ಹಾಕಿದ್ರೆ ಸೈನಿಕರು ಕೋಳಿ ಓಡಿದಂಗೆ ಓಡ್ತಾರೆ, ಸಾಯೋ ದೃಶ್ಯಕ್ಕೂ ಜನ ನಗ್ತಾರೆ. ಹಂಗೆ ಓಡ್ತಿದ್ರೆ ಅದು ಸಿನಿಮಾದ ತಪ್ಪಲ್ಲ, ಪ್ರತಿ ಸರಿಯಿಲ್ಲ ಅಂತ ಆಫ್ ಮಾಡಿ.

ಎರಡನೇ ಆಟ (ಬೆಂಗಳೂರು)

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇವುಗಳಲ್ಲಿ ಬಹುತೇಕ ಈಗ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತು, 1927ರವು 2023ರಲ್ಲೇ ಹಕ್ಕು ಕಳಚಿಕೊಂಡವು. ಹಾಗಾಗಿ ಪುಕ್ಕಟೆ ಪ್ರತಿಗಳು ಬೇಕಾದಷ್ಟು, ಅರ್ಧಕ್ಕರ್ಧ ಮಸಿ ಬಳಿದಂಗಿರ್ತವೆ. ಬಿಗ್ ಪರೇಡ್ ಅಂತೂ 2013ರಲ್ಲಿ ಬಂದ ಪ್ರತಿಯೇ ಆಗಬೇಕು. ಮೂಲ ನೆಗೆಟಿವ್ ಹೋಯ್ತು ಅಂತಲೇ ಎಲ್ಲರೂ ನಂಬಿದ್ದರು, ಅದು ಅಮೆರಿಕದ ರೋಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ಅನ್ನೋ ಸಂಗ್ರಹಾಲಯದಲ್ಲೇ ತಣ್ಣಗೆ ಕೂತಿತ್ತು. ಅದರಿಂದ ತೆಗೆದದ್ದು ಇದು, ಬೆವರಿನ ಹನಿಯೂ ಕಾಣುತ್ತೆ.

ಗಿರಮಿಟ್ (ಧಾರವಾಡ)

ನಿನ್ನೆ ರಾತ್ರಿ ಬಿಗ್ ಪರೇಡ್ ಹಾಕ್ಕೊಂಡು ಕುಂತಿದ್ದೆ. ಮೊದಲ ಒಂದ್ ತಾಸು ಬರೇ ಚ್ಯೂಯಿಂಗ್ ಗಮ್ಮು, ಸೌದಿ ಒಡ್ಯೂದು, ಹುಡಗೀ ಜೋಡಿ ಚೇಷ್ಟಾ. ಎಲ್ಲೈತ್ರಿ ಯುದ್ಧ ಅಂತ ನಿಮಗ ಬೈಕೋತ ಮಕ್ಕೊಂಡೆ.

ಎರಡನೇ ಆಟ (ಬೆಂಗಳೂರು)

ಅಯ್ಯೋ, ಇಂಟರ್ವಲ್‌ಗೆ ಮುಂಚೆ ಎದ್ದು ಹೋಗೋರು ನೀವೊಬ್ಬರೇ ಅಲ್ಲ ಬಿಡಿ. ಲಾರಿಗಳು ಹೊರಡೋ ಜಾಗದಿಂದ ಹಾಕಿಕೊಳ್ಳಿ. ಆಮೇಲೂ ನಿದ್ದೆ ಬಂದರೆ ಬೆಂಗಳೂರಿಗೆ ಬಂದು ಬೈಯಿರಿ, ಬಸ್ ಚಾರ್ಜು ನಂದು.